ಮೂವತ್ತರ ಜಾಗದಲ್ಲಿ ಅರವತ್ತು

ಅಂಗಡಿಯ ಮುಂದಿನ ದೊಡ್ಡ ಗಾಜಿಗೆ ಮಧ್ಯಾಹ್ನದ ಬಿಸಿಲು ಬಿದ್ದು ಒಳಗಿನ ಕೋಣೆಯೆಲ್ಲ ನೀರಿನ ತಳದಲ್ಲಿರುವಂತೆ ಕಾಣುವ ಹೊತ್ತಿನಲ್ಲಿ, ಅವನು ಬೆಂಚಿನ ಹಿಂದೆ ಕೂತು ಅಂಗೈ ಮೇಲಿನ ಸತ್ತ ಫ್ಯೂಸುಗಳನ್ನು ನೋಡುತ್ತಿದ್ದ. ಕಿರುಬೆರಳಿನಷ್ಟು ಉದ್ದದ ಗಾಜಿನ ನಳಿಗೆಗಳು, ಎರಡೂ ತುದಿಗೆ ಬಂಗಾರದ ಬಣ್ಣದ ಟೊಪ್ಪಿಗೆ. ಎಲ್ಲವೂ ಭಾವನ ಕಾರಿನವು. ಊಟ ಮಾಡಿ ಬಂದವನಿಗೆ ಕಣ್ಣು ಎಳೆಯಬೇಕಾಗಿತ್ತು, ಎಳೆಯುತ್ತಿರಲಿಲ್ಲ. ಬೆಳಗಿನ ನಗು ಇನ್ನೂ ಕಿವಿಯಲ್ಲಿ ಕೂತಿತ್ತು. ಭಾವ ಕಾರು ತಂದು ನಿಲ್ಲಿಸಿ, ಇಳಿಯುವ ಮೊದಲೇ ಕಿಟಕಿಯಿಂದ ತಲೆ ಹೊರಗೆ ಹಾಕಿ, "ಏನಯ್ಯಾ ಕರೆಂಟು, ನಿನ್ನ ಫ್ಯೂಸು ಮತ್ತೆ ಹೊಗೆ ಹಾಕಿಸ್ಕೊಳ್ತು!" ಎಂದು ಕೂಗಿದ್ದರು. ಅವನನ್ನು ಕರೆಂಟು ಎಂದು ಕರೆಯುವವರು ಅವರೊಬ್ಬರೇ. ಅಕ್ಕನನ್ನು ಮದುವೆಯಾದಾಗಿನಿಂದ ಕರೆಯುತ್ತಿದ್ದಾರೆ. ಕೂಗಿಗೆ ಯಜಮಾನರು ಗಲ್ಲಾದಿಂದ ತಲೆ ಎತ್ತಿದರು. ಹೊಸ ಕಾರಿಗೆ ಸ್ಪೀಕರು ನೋಡಲು ಬಂದಿದ್ದ ಗಂಡಹೆಂಡತಿ ತಿರುಗಿ ನೋಡಿದರು. ಆ ಹೆಂಗಸು ಮುಗುಳ್ನಕ್ಕಳು. ನಕ್ಕದ್ದು ಭಾವನ ಮಾತಿಗೋ ತನ್ನ ಮುಖಕ್ಕೋ ಎಂದು ಅವನು ಆಗಿನಿಂದ ಯೋಚಿಸುತ್ತಿದ್ದ.

ಮಾಡಬೇಕಾದ್ದನ್ನೆಲ್ಲ ಮಾಡಿದ್ದ. ಸೀಟಿನ ಕೆಳಗಿನಿಂದ ಆಂಪ್ಲಿಫೈಯರು ಬಿಚ್ಚಿ ಬೆಂಚಿಗೆ ತಂದು ಬೇರೆ ಬ್ಯಾಟರಿಗೆ ಹಾಕಿ ನೋಡಿದರೆ ಅದು ತಣ್ಣಗೆ ಹಾಡಿತು. ಸ್ಪೀಕರುಗಳಿಗೆ ಮೀಟರು ಹಿಡಿದರೆ ಇರಬೇಕಾದಷ್ಟೇ ಇತ್ತು. ಡಿಕ್ಕಿಯಲ್ಲಿದ್ದ, ಹಾಡಿನ ತಗ್ಗು ದನಿಯನ್ನು ಗುಡುಗಿಸುವ ಬೇಸಿನ ಡಬ್ಬಿ ಸರಿಯಾಗಿತ್ತು. ಎಲ್ಲ ಮತ್ತೆ ಜೋಡಿಸಿ, ಹೊಸ ಫ್ಯೂಸು ಹಾಕಿ, ಅಂಗಡಿಯ ಗಾಜು ನಡುಗುವಷ್ಟು ದನಿ ಏರಿಸಿದ. ಏನೂ ಆಗಲಿಲ್ಲ. "ನೋಡು, ನಿನ್ನ ಎದುರಿಗೆ ಎಷ್ಟು ಸಾಧು," ಎಂದರು ಭಾವ. "ಮನೆಗೆ ಕರ್ಕೊಂಡು ಹೋದ್ರೆ ಆಟ ಶುರು ಹಚ್ಕೊಳತ್ತೆ. ನಿನ್ನ ಅಕ್ಕನ ತರಾನೇ." ಗಂಡಹೆಂಡತಿ ಈಗ ಜೋರಾಗಿಯೇ ನಕ್ಕರು. "ಒಂದ್ಸಲ ನಮ್ಮ ಅಂಗಡಿಗೆ ಬಾ. ಕಣ್ಣು ಟೆಸ್ಟ್ ಮಾಡ್ತೀನಿ, ಕನ್ನಡಕ ನಂದೇ ಕಾಣಿಕೆ. ಮಧ್ಯಾಹ್ನಕ್ಕೆ ಮಾತ್ರ ಕಾರು ರೆಡಿ ಇರ್ಬೇಕು ನಂಗೆ." ಮಧ್ಯಾಹ್ನ ಏನಿದೆ ಎಂದು ಅವನು ಕೇಳಿದ. "ಏನೋ ಇದೆ," ಎಂದು ಭಾವ ಸುಮ್ಮನೆ ಬಾನೆಟ್ಟಿನ ಧೂಳು ಒರೆಸಿದರು. ಆಗ ಅವನ ಕೈ, ತನ್ನಷ್ಟಕ್ಕೆ ತಾನೇ ನಡೆದುಹೋದ ಒಂದು ಪ್ರಾಣಿಯ ಹಾಗೆ, ಡ್ರಾಯರು ಎಳೆದು ಅರವತ್ತು ಆಂಪಿಯರಿನ ಫ್ಯೂಸನ್ನು ತೆಗೆಯಿತು. ಬ್ಯಾಟರಿಯ ಪಕ್ಕದ ಡಬ್ಬಿಯಲ್ಲಿ ಇರಬೇಕಾದ್ದು ಮೂವತ್ತರದು. ತಂತಿ ತಾಳುವುದು ಅಷ್ಟನ್ನೇ. ಅದಕ್ಕಿಂತ ಹೆಚ್ಚು ಹರಿದರೆ ತಂತಿ ಸುಡುವ ಮೊದಲು ಫ್ಯೂಸು ಸಾಯಬೇಕು. ಅದು ಇರುವುದೇ ಸಾಯಲಿಕ್ಕೆ. ಅವನು ಅರವತ್ತನ್ನು ಒತ್ತಿ ಕೂರಿಸಿ ಮುಚ್ಚಳ ತಿರುಗಿಸಿದ. "ಇದು ಹೋಗಲ್ಲ ಭಾವ." "ಗ್ಯಾರಂಟಿನಾ?" "ಗ್ಯಾರಂಟಿ." ಭಾವ ಹಾರ್ನ್ ಹೊಡೆಯುತ್ತ ಹೋದರು. ಒಂದು ಕ್ಷಣ ಅವನಿಗೆ ನಿಜಕ್ಕೂ ಗೆದ್ದಂತೆ ಅನ್ನಿಸಿತ್ತು.

ಈಗ ಬಿಸಿಲಿಗೆ ಹಿಡಿದು ನೋಡಿದರೆ ನಳಿಗೆಗಳ ಒಳಗೆ ಕಪ್ಪು. ದೀಪದ ಹೊಗೆ ಹಿಡಿದ ಗಾಜಿನ ಹಾಗೆ, ಒಳಗಿನ ತಗಡು ಎಲ್ಲಿತ್ತು ಎಂಬುದೂ ತಿಳಿಯದಷ್ಟು ಕಪ್ಪು. ದನಿ ಹೆಚ್ಚಾಗಿ ದಣಿದು ಹೋದ ಫ್ಯೂಸು ಹೀಗಿರುವುದಿಲ್ಲ. ಅದರ ತಗಡು ನಡುವೆ ಮೆಲ್ಲಗೆ ಕರಗಿ ಒಂದು ಹನಿ ಇಳಿದಿರುತ್ತದೆ, ಗಾಜು ಸ್ವಚ್ಛವಾಗಿರುತ್ತದೆ. ಕಪ್ಪಾಗುವುದು ಒಮ್ಮೆಲೇ ಸಿಡಿದದ್ದು. ಬ್ಯಾಟರಿಯಿಂದ ಬರುವ ತಂತಿ ಎಲ್ಲೋ ಕಾರಿನ ಮೈಗೆ ತಗಲಿದೆ ಎಂದರ್ಥ. ಅದೂ ಅಲ್ಲದೆ, ಆಂಪ್ಲಿಫೈಯರಿಗೆ ಅದರದೇ ಎರಡು ಫ್ಯೂಸುಗಳಿವೆ, ಅವಕ್ಕೆ ಒಮ್ಮೆಯೂ ಏನೂ ಆಗಿಲ್ಲ. ಹಾಗಾದರೆ ರೋಗ ಅದರಲ್ಲಿಲ್ಲ, ಅಲ್ಲಿಗೆ ಹೋಗುವ ದಾರಿಯಲ್ಲಿದೆ. ಕೆಲಸ ಕಲಿಯಲು ಬಂದವರಿಗೆ ಅವನು ಮೊದಲ ವಾರ ಹೇಳಿಕೊಡುವ ಪಾಠ ಇದು. ಬೆಳಿಗ್ಗೆ ಫ್ಯೂಸುಗಳನ್ನು ಕೈಗೆ ತೆಗೆದುಕೊಂಡಿದ್ದ, ಕಿಸೆಗೆ ಹಾಕಿದ್ದ, ನೋಡಿರಲಿಲ್ಲ. ಅವನು ನೋಡುತ್ತಿದ್ದದ್ದು ಆ ಹೆಂಗಸಿನ ಮುಗುಳ್ನಗೆಯನ್ನು.

ತಗಲುತ್ತಿದ್ದರೆ ಇಲ್ಲಿ ಯಾಕೆ ತಗಲಲಿಲ್ಲ? ಅವನು ಕಣ್ಣು ಮುಚ್ಚಿ ತಂತಿಯ ಜೊತೆ ನಡೆಯತೊಡಗಿದ. ಬ್ಯಾಟರಿಯ ಪಕ್ಕದಿಂದ ಹೊರಟು, ರಬ್ಬರಿನ ತೂತಿನಿಂದ ಒಳಗೆ ನುಗ್ಗಿ, ನೆಲದ ಹಾಸಿನ ಕೆಳಗೆ, ಬಾಗಿಲ ಅಂಚಿನ ಕತ್ತಲಲ್ಲಿ, ಚಾಲಕನ ಪಕ್ಕದ ಸೀಟಿನ ತನಕ. ಅಲ್ಲಿ ಹಾಸು ಉಬ್ಬುತ್ತದೆ, ಸೀಟಿನ ಜೊತೆಗೇ ಹಿಂದೆ ಮುಂದೆ ಜಾರುವ ಕಬ್ಬಿಣದ ಕಂಬಿ ಎದುರಾಗುತ್ತದೆ. ತಂತಿಯನ್ನು ಆ ಕಂಬಿಯನ್ನು ಬಳಸಿ, ಪ್ಲಾಸ್ಟಿಕ್ಕಿನ ಕೊಳವೆಯೊಳಗೆ ಹಾಕಿ ಒಯ್ಯಬೇಕು. ಅವನು ಹಾಗೆ ಒಯ್ದಿರಲಿಲ್ಲ. ಕಂಬಿಯ ಕೆಳಗೇ ನೇರವಾಗಿ ತೂರಿಸಿ ಎಳೆದಿದ್ದ. ಅದು ಅಕ್ಕನ ಮನೆಯ ಮುಂದೆ, ಒಂದು ರಜೆಯ ದಿನ. ಅಕ್ಕ ಚಹಾ ತಂದಿಟ್ಟಿದ್ದಳು, ಅದು ಆರುತ್ತಿತ್ತು. ಅಪ್ಪ ಮೆಟ್ಟಿಲ ಮೇಲೆ ಕುರ್ಚಿ ಹಾಕಿಸಿಕೊಂಡು, ನೋವಿನ ಕಾಲನ್ನು ಚಾಚಿ ಕೂತು, ಒಂದೂ ಮಾತಾಡದೆ ನೋಡುತ್ತಿದ್ದ. ಅವನು ಕಾರಿನೊಳಗೆ ತಲೆ ತೂರಿಸಿ, ಬೆನ್ನು ಅಪ್ಪನ ಕಡೆಗೆ ಮಾಡಿ ಕೆಲಸ ಮಾಡುತ್ತಿದ್ದ. ಬೆನ್ನಿನ ಚರ್ಮ ಅಪ್ಪನ ನೋಟಕ್ಕೆ ಬಿಸಿಯಾಗುತ್ತಿತ್ತು. ಅಪ್ಪನ ಬಾಯಿಂದ ಆ ನೋಟದ ಮಾತು ಯಾವಾಗಲಾದರೂ ಹೊರಬಿದ್ದೀತು ಎಂದು ಕಾಯುತ್ತ, ಬೀಳುವ ಮೊದಲೇ ಮುಗಿಸಿಬಿಡಬೇಕೆಂದು, ಹತ್ತಿರದ ದಾರಿ ಹಿಡಿದಿದ್ದ.

ಅಪ್ಪನಿಗೆ ಸದ್ದೆಂದರೆ ಆಗುತ್ತಿರಲಿಲ್ಲ. ಬಟ್ಟೆ ಗಿರಣಿಯ ಮಗ್ಗದ ಕೋಣೆಯಲ್ಲಿ ಬದುಕಿನ ಬಹುಪಾಲು ನಿಂತು ಕಳೆದವನು. ಮನೆಗೆ ಬಂದ ಮೇಲೂ ಅವನ ತಲೆಯೊಳಗೆ ಮಗ್ಗಗಳು ಹೊಡೆಯುತ್ತಲೇ ಇರುತ್ತಿದ್ದವಂತೆ. ಅದಕ್ಕೇ ಮಕ್ಕಳಿಬ್ಬರೂ, ಅವನೂ ಅಕ್ಕನೂ, ಪಿಸುಮಾತಿನಲ್ಲೇ ಜಗಳವಾಡಿ ಬೆಳೆದವರು. ಪಿಸುಮಾತಿನಲ್ಲಿ ಬೈಯುವುದರಲ್ಲಿ ಅಕ್ಕನನ್ನು ಮೀರಿಸುವವರಿರಲಿಲ್ಲ. ಅಂಥ ಮನೆಯ ಮಗ ಹೋಗಿ ಹೋಗಿ ಕಾರುಗಳಿಗೆ ಸದ್ದು ತುಂಬುವ ಕೆಲಸ ಹಿಡಿದಾಗ ಅಪ್ಪ, "ಇನ್ನೇನೂ ಸಿಗ್ಲಿಲ್ವಾ?" ಎಂದು ಒಂದೇ ಮಾತು ಕೇಳಿದ್ದ. ಆಮೇಲೆ ಗಿರಣಿ ಮುಚ್ಚಿತು. ತಲೆಯೊಳಗಿನ ಮಗ್ಗಗಳೂ ನಿಂತವು. ಅವುಗಳ ಜೊತೆಗೆ ಉಳಿದದ್ದೆಲ್ಲವೂ ನಿಂತಿತು. ಈಗ ಅಪ್ಪನಿಗೆ ಕಿವಿಯ ಹತ್ತಿರ ಕೂಗಿದರೂ ಕೇಳುವುದಿಲ್ಲ, ತುಟಿ ನೋಡಿ ಅರ್ಧ ಊಹಿಸುತ್ತಾನೆ. ಇರಲು ಅಕ್ಕನ ಮನೆಯನ್ನು ಆರಿಸಿಕೊಂಡ. ನಿನ್ನ ಮನೆ ಮಹಡಿ ಮೇಲಿದೆ, ಕಾಲು ಹತ್ತಲ್ಲ ಎಂದ. ಅದು ನಿಜವೂ ಹೌದು. ನಿಜವಾದ ಕಾರಣಗಳ ಹಿಂದೆ ನಿಂತಿರುವ ಇನ್ನೊಂದು ಕಾರಣವನ್ನು ಹುಡುಕುವುದು ಮಗನಿಗೆ ಒಂದು ಚಟವಾಗಿತ್ತು.

ಗಾಜುಗಳಿಗೆ ಕಪ್ಪು ಹಾಳೆ ಅಂಟಿಸುವವನು ಕೈಯಲ್ಲಿ ನೀರು ಚಿಮುಕಿಸುವ ಬಾಟಲಿ ಹಿಡಿದು ಬಂದು ಬೆಂಚಿಗೆ ಒರಗಿ ನಿಂತ. ಅಂಗಡಿಯಲ್ಲಿ ಎಲ್ಲರೂ ಅವನನ್ನು ಗಾಜಿನವನು ಎನ್ನುತ್ತಾರೆ. "ಏನು ಗುರುವೇ, ಫ್ಯೂಸುಗಳ ಶವಪರೀಕ್ಷೆನಾ?"

"ಅದು ಇಲ್ಲಿ ಯಾಕೆ ಹೋಗಲ್ಲ ಅಂತ."

"ಇಲ್ಲಿಗೂ ಅಲ್ಲಿಗೂ ಏನು ವ್ಯತ್ಯಾಸ ಹೇಳು. ಇಲ್ಲಿ ನೀನು ಇರ್ತೀಯ. ಅಲ್ಲಿ ನೀನು ಇರಲ್ಲ. ಅಂದ್ರೆ ಗುಟ್ಟು ನೀನೇ," ಎಂದು ಗಾಜಿನವನು ಅವನ ಮುಖಕ್ಕೆ ಒಂದಿಷ್ಟು ನೀರು ಚಿಮುಕಿಸಿ ನಕ್ಕ. "ಕಾರು ಬಂದ ತಕ್ಷಣ ಮೊದ್ಲು ಏನು ಮಾಡ್ತೀಯ ನೀನು?"

"ಏನಿಲ್ಲ. ಆಂಪ್ಲಿಫೈಯರು ಸೀಟಿನ ಕೆಳಗಿದೆ, ಕೈ ಹೋಗಲ್ಲ. ಸೀಟು ಮುಂದಕ್ಕೆ ತಳ್ತೀನಿ."

ಹೇಳಿದ ಮಾತು ತುಟಿಯಿಂದ ಹೊರಬಿದ್ದು ಬೆಂಚಿನ ಮೇಲೆ ನಿಂತಂತಾಯಿತು. ಮುಖದ ಮೇಲೆ ನೀರ ಹನಿ ಇಳಿಯುತ್ತಿತ್ತು, ಒರೆಸಿಕೊಳ್ಳಲಿಲ್ಲ. ಪ್ರತಿ ಸಲವೂ ಕಾರು ಬಂದೊಡನೆ ಅವನು ಮೊದಲು ಮಾಡಿದ ಕೆಲಸವೇ ಅದು. ಸೀಟು ಮುಂದೆ ಬಂದೊಡನೆ ಕಂಬಿಯ ಚೂಪಾದ ಅಂಚು ತಂತಿಯನ್ನು ಬಿಟ್ಟು ಮುಂದಕ್ಕೆ ಸರಿದಿರುತ್ತದೆ. ರೋಗವನ್ನು ಹುಡುಕುವ ಮೊದಲು ತನ್ನ ಕೈಯಿಂದಲೇ ಅದನ್ನು ಬಚ್ಚಿಟ್ಟು, ಆಮೇಲೆ ಹುಡುಕುತ್ತಿದ್ದ. ಮತ್ತೆ ಸೀಟು ಪೂರ್ತಿ ಹಿಂದೆ ಹೋದಾಗ ಮಾತ್ರ ಅಂಚು ತಂತಿಯ ಮೇಲೆ ಕೂರುತ್ತದೆ. ಪೂರ್ತಿ ಹಿಂದೆ. ಹೌದು, ಪ್ರತಿ ಸಲವೂ ಸೀಟು ಕೊನೆಯ ಹಲ್ಲಿನ ತನಕ ಹಿಂದೆ ಹೋಗಿರುತ್ತಿತ್ತು, ಬೆನ್ನೂ ಸ್ವಲ್ಪ ಮಲಗಿರುತ್ತಿತ್ತು. ಅಕ್ಕ ಹಾಗೆ ಕೂರುವವಳಲ್ಲ. ಗಿಡ್ಡ ಹೆಂಗಸು, ಶಾಲೆಯ ಬೆಂಚಿನ ಮೇಲೆ ಕೂತಂತೆ ಮೊಣಕಾಲು ಮುಂದಕ್ಕೆ ಒತ್ತಿಕೊಂಡು, ಚೀಲವನ್ನು ತೊಡೆಯ ಮೇಲಿಟ್ಟುಕೊಂಡು ಕೂರುತ್ತಾಳೆ.

"ಓಹೋ," ಎಂದ ಗಾಜಿನವನು, ವಿಷಯ ಕೇಳಿ ಕಣ್ಣು ಅರಳಿಸಿ. "ಭಾವ ಮಧ್ಯಾಹ್ನದ ಹೊತ್ತು ಯಾರೋ ಉದ್ದ ಕಾಲಿನವರನ್ನ ಸುತ್ತಾಡಿಸ್ತಿದಾರೆ ಅನ್ನು. ಅದಕ್ಕೇ ಬೇಸು ಅಷ್ಟು ಜೋರು. ಒಳ್ಳೇದೇ ಆಯ್ತು ಬಿಡು, ಗಾಜಿಗೆ ಹಾಳೆ ನಾನೇ ಅಂಟಿಸಿದ್ದು, ಹೊರಗಿನವರಿಗೆ ಏನೂ ಕಾಣಲ್ಲ."

ಅವನು ನಗಲು ಹೋದ. ನಗುವಿನ ನಡುವೆಯೇ ಆ ಉದ್ದ ಕಾಲಿನವಳು ಬಂದಳು. ಮುಖವಿಲ್ಲದವಳು, ಬರಿಯ ಮೊಣಕಾಲು, ಬರಿಯ ಹಿಮ್ಮಡಿ. ಅವಳು ಭಾವನ ಕಾರಿನ ಸೀಟಿನಲ್ಲಿ ಮೆಲ್ಲಗೆ ಹಿಂದೆ ಜಾರುತ್ತಿದ್ದಳು, ಜಾರುತ್ತಲೇ ಇದ್ದಳು, ಆ ಕಂಬಿಗೆ ಕೊನೆಯೇ ಇರಲಿಲ್ಲ, ಕಾರು ಉದ್ದವಾಗುತ್ತ ಬೀದಿಯಾಯಿತು. ಅಕ್ಕನಿಗೆ ಹೇಗೆ ಹೇಳುವುದು ಎಂದು ಯೋಚಿಸಿ ಒಂದು ಬಗೆಯ ಕಹಿ ಸುಖವೂ ಆಯಿತು. ಇಷ್ಟು ವರ್ಷ ನಕ್ಕವರ ಮೇಲೆ ಈಗ ತನ್ನ ಕೈಯಲ್ಲೂ ಒಂದು ನಗು ಇದೆ. ಆಮೇಲೆ ಮೂಗಿಗೆ ಏನೋ ನೆನಪಾಯಿತು. ಮನಸ್ಸಿಗಿಂತ ಮೊದಲು ಮೂಗಿಗೆ. ಸೀಟಿನ ಬೆನ್ನಿಗೆ ಮುಖ ತಾಗಿಸಿ ಕೆಳಗೆ ಕೈ ಹಾಕುವಾಗೆಲ್ಲ ಬರುತ್ತಿದ್ದ ಒಂದು ವಾಸನೆ, ತಣ್ಣಗೆ ಕುಟುಕುವಂಥದ್ದು. ಸುಗಂಧವಲ್ಲ. ಮೊಣಕಾಲಿಗೆ ತಿಕ್ಕುವ ನೋವಿನ ಮುಲಾಮು.

ಅವನು ಎದ್ದದ್ದು ಅವನಿಗೇ ತಿಳಿಯಲಿಲ್ಲ. ಭಾವನಿಗೆ ಫೋನ್ ಮಾಡಿದ, ರಿಂಗಾಯಿತು, ಎತ್ತಲಿಲ್ಲ. ಮತ್ತೆ ಮಾಡಿದ. ಅಕ್ಕನಿಗೆ ಮಾಡಿದ.

"ಅಪ್ಪ ಎಲ್ಲಿ ಅಕ್ಕಾ?"

"ಮಲಗಿದಾರೆ," ಎಂದಳು, ಒಂದು ಉಸಿರು ತಡವಾಗಿ.

"ಅಕ್ಕಾ. ನಿಜ ಹೇಳು. ಭಾವನ ಜೊತೆ ಕಾರಲ್ಲಿ ಹೋಗಿದಾರಾ?"

"ನಿಂಗ್ಯಾರು ಹೇಳಿದ್ದು? ನೋಡು, ನಾನು ಹೇಳಿದೆ ಅಂತ ಅನ್ಬೇಡ ಮತ್ತೆ. ದಿನಾ ಮಧ್ಯಾಹ್ನ ಅಂಗಡಿ ಮುಚ್ಚಿ ಬಂದು ಕರ್ಕೊಂಡು ಹೋಗ್ತಾರೆ ಇವರು. ಹಳೇ ಗಿರಣಿ ಹಿಂದಿನ ರಸ್ತೆ ಇದ್ಯಲ್ಲ, ಅಲ್ಲಿ ನಿಲ್ಸಿ... ಯಾಕೋ, ಏನಾಯ್ತು? ಯಾಕೆ ಹಂಗೆ ಉಸಿರು ಬಿಡ್ತಿದೀಯ?"

ಏನಿಲ್ಲ ಎಂದು ಇಟ್ಟ. ಉಪಕರಣಗಳ ಚೀಲ ಹೆಗಲಿಗೆ ಹಾಕಿದ. ಯಜಮಾನರು ಗಲ್ಲಾದಿಂದ, "ಎಲ್ಲಿಗಯ್ಯಾ ಈ ಬಿಸಿಲಲ್ಲಿ?" ಎಂದದ್ದಕ್ಕೆ ಅವನು ಉತ್ತರ ಕೊಟ್ಟನೋ ಇಲ್ಲವೋ.

ಸ್ಕೂಟರು ಓಡುತ್ತಿತ್ತು, ಬೀದಿ ಮಾತ್ರ ನಿಂತಲ್ಲೇ ನಿಂತಂತಿತ್ತು. ಮುಚ್ಚಿದ ಅಂಗಡಿಗಳ ತಗಡಿನ ಬಾಗಿಲು, ನೆರಳಿನಲ್ಲಿ ಕೈಗಾಡಿಯ ಮೇಲೆ ಮಲಗಿದವನ ತೆರೆದ ಬಾಯಿ, ಹಸಿರು ದೀಪ ಬಂದರೂ ಹೊರಡದ ಒಂದು ಬಸ್ಸು. ಎಲ್ಲರೂ ಅವನನ್ನು ಬಿಟ್ಟು ಒಟ್ಟಿಗೆ ನಿದ್ದೆ ಹೋಗಿರುವಂತೆ. ತಲೆಯೊಳಗೆ ಮಾತ್ರ ಹಾಸಿನ ಕೆಳಗಿನ ಕತ್ತಲು ಎಚ್ಚರವಾಗಿತ್ತು. ಕಂಬಿಯ ಅಂಚು ಕೆಂಪು ಹೊದಿಕೆಯನ್ನು ಕೆರೆದು ಕೆರೆದು ತಾಮ್ರಕ್ಕೆ ಮುಟ್ಟಿದೆ. ಮೂವತ್ತು ಇದ್ದಾಗ ಮುಟ್ಟಿದೊಡನೆ ಸಿಡಿದು ನಿಲ್ಲುತ್ತಿತ್ತು; ಹಾಡು ನಿಲ್ಲುತ್ತಿತ್ತು, ಅಷ್ಟೇ. ಈಗ ನಿಲ್ಲುವುದಿಲ್ಲ. ಅವನೇ ನಿಲ್ಲದಂತೆ ಮಾಡಿದ್ದಾನೆ. ತಂತಿ ಬಿಸಿಯಾಗುತ್ತದೆ, ಹೊದಿಕೆ ಮೆತ್ತಗಾಗುತ್ತದೆ, ಹಾಸಿನ ಕೆಳಗಿನ ಹತ್ತಿ ಕಂದಾಗುತ್ತದೆ, ಮೇಲೆ ಒಬ್ಬ ಮುದುಕ ಕಾಲು ಚಾಚಿ ಕೂತಿದ್ದಾನೆ, ಬೇಗ ಎದ್ದು ಇಳಿಯಲಾರದವನು. ಯಾರಾದರೂ ಕೂಗಿದರೂ ಕೇಳದವನು. ಅವನು ಸ್ಕೂಟರಿನ ಸದ್ದಿನಲ್ಲಿ ಬಾಯಿ ಬಿಟ್ಟು, ಪ್ರಾರ್ಥನೆಯೂ ಅಲ್ಲದ ಬೈಗುಳವೂ ಅಲ್ಲದ ಏನನ್ನೋ ಹೇಳಿಕೊಳ್ಳುತ್ತಿದ್ದ. ಅಪ್ಪ ಯಾಕೆ ಹೋಗಬೇಕು ಆ ಕಾರಿನಲ್ಲಿ? ಯಾಕೆ ತನ್ನಿಂದ ಮುಚ್ಚಿಡಬೇಕು? ಭಯದ ಕೆಳಗೂ ಆ ಸಣ್ಣ ಹೊಟ್ಟೆಕಿಚ್ಚು ಬಿಡದೆ ಹೊಗೆಯಾಡುತ್ತಿರುವುದು ಗೊತ್ತಾಗಿ ಅವನಿಗೆ ತನ್ನ ಮೇಲೇ ಹೇಸಿಗೆಯಾಯಿತು.

ಗಿರಣಿಯ ಹಿಂದಿನ ಗೋಡೆ ಕಣ್ಣು ಹರಿಯುವಷ್ಟು ಉದ್ದ. ಮೇಲಿನ ಕಿಟಕಿಗಳಲ್ಲಿ ಒಡೆದ ಗಾಜು, ಒಳಗೆ ಪಾರಿವಾಳ. ಗೋಡೆಯ ನೆರಳಿನಲ್ಲಿ ಕಾರು ನಿಂತಿತ್ತು. ಹತ್ತಿರವಾಗುವ ಮೊದಲೇ ಬೇಸು ಸ್ಕೂಟರಿನ ಹಿಡಿಕೆಗೆ ಬಂತು, ಮಣಿಕಟ್ಟಿಗೆ ಬಂತು. ಗೋಡೆ ಅದನ್ನು ಹೀರಿ ಮರಳಿ ಕೊಡುತ್ತಿತ್ತು. ಕಪ್ಪು ಗಾಜಿಗೆ ಮುಖ ಒತ್ತಿ, ಅಂಗೈಯಿಂದ ಬೆಳಕು ಮರೆಮಾಡಿ ನೋಡಿದ. ಭಾವ ಎರಡೂ ಕಿವಿಗೆ ಹತ್ತಿ ತುರುಕಿಕೊಂಡು ಪತ್ರಿಕೆ ಓದುತ್ತಿದ್ದರು. ಪಕ್ಕದಲ್ಲಿ ಅಪ್ಪ. ಸೀಟು ಕೊನೆಯ ತನಕ ಹಿಂದಕ್ಕೆ. ಚಪ್ಪಲಿ ಬಿಟ್ಟು ಬರಿಗಾಲನ್ನು ನೆಲಕ್ಕೆ ಊರಿ, ಒಂದು ಅಂಗೈ ಬಾಗಿಲಿಗೆ, ಇನ್ನೊಂದು ಎದೆಗೆ ಒತ್ತಿಕೊಂಡು, ಕಣ್ಣು ಮುಚ್ಚಿದ್ದ. ಹಾಡಿನ ಪದ ಒಂದೂ ಅವನನ್ನು ತಲುಪುತ್ತಿರಲಿಲ್ಲ. ಬೇಸು ಮಾತ್ರ, ಬೆನ್ನಿನಿಂದ, ಪಾದದಿಂದ, ಅಂಗೈಯಿಂದ ಒಳಗೆ ಹೋಗುತ್ತಿತ್ತು. ಅವನ ತುಟಿ ಹೊಡೆತಕ್ಕೆ ಸರಿಯಾಗಿ ಅಲ್ಲಾಡುತ್ತಿತ್ತು. ಅಪ್ಪನ ಮುಖ ಹಾಗಿರಬಲ್ಲದು ಎಂದು ಅವನಿಗೆ ಯಾರೂ ಹೇಳಿರಲಿಲ್ಲ. ಒಂದು ಕ್ಷಣ, ಬರಿಯ ಒಂದೇ ಕ್ಷಣ, ಬಂದ ಕೆಲಸವೇ ಮರೆತು ನಿಂತ.

ಆಮೇಲೆ ಭಾವನ ಕಡೆಯ ಬಾಗಿಲು ಎಳೆದು, ಅವರ ಮೊಣಕಾಲಿನ ಮೇಲಿಂದಲೇ ಬಾಗಿ ಬಾನೆಟ್ಟಿನ ಹಿಡಿಕೆ ಎಳೆದ. ಬಾಗಿಲು ತೆರೆದೊಡನೆ ಸದ್ದಿನ ಜೊತೆ ಸುಟ್ಟ ಪ್ಲಾಸ್ಟಿಕ್ಕಿನ ವಾಸನೆ ಹೊರಬಂತು, ತೆಳ್ಳಗೆ. ಓಡಿ ಬಾನೆಟ್ಟು ಎತ್ತಿ ಫ್ಯೂಸಿನ ಮುಚ್ಚಳ ತಿರುಗಿಸಿದ. ಅದು ಬೆರಳನ್ನು ಕಚ್ಚಿತು. ಬಿಡದೆ ತಿರುಗಿಸಿ ಕಿತ್ತ. ಬೇಸು ಒಂದು ಹೊಡೆತದ ನಡುವೆ ಕತ್ತರಿಸಿಹೋಯಿತು. ಎಷ್ಟು ನಿಶ್ಶಬ್ದವಾಯಿತೆಂದರೆ ಮೇಲಿನ ಪಾರಿವಾಳಗಳ ಉಗುರಿನ ಸದ್ದು ಕೇಳಿಸಿತು.

"ಮತ್ತೆ ಹೋಯ್ತಾ?" ಎಂದಿತು ಕಾರಿನೊಳಗಿನಿಂದ ಅಪ್ಪನ ದನಿ, ಕಿವುಡರ ಎತ್ತರದ ದನಿ. "ಅದೇ ಒಳ್ಳೇ ಜಾಗಕ್ಕೆ ಬಂದಾಗ್ಲೇ ಹೋಗತ್ತೆ ದರಿದ್ರದ್ದು."

ಅವನು ಬಾನೆಟ್ಟಿನ ಮರೆಯಿಂದ ಬಂದು ಅಪ್ಪನ ಕಡೆಯ ಬಾಗಿಲು ತೆರೆದ. ಅಪ್ಪ ಅವನನ್ನು ಕಂಡು ಒಮ್ಮೆಲೇ ನೆಟ್ಟಗೆ ಕೂತ. ಅಂಗೈಯನ್ನು ಎದೆಯಿಂದ ತೆಗೆದ. ಕಾಲು ಚಪ್ಪಲಿಗಾಗಿ ತಡಕಾಡಿತು. ತರಗತಿಯಲ್ಲಿ ಏನೋ ಬಚ್ಚಿಟ್ಟುಕೊಂಡು ತಿನ್ನುತ್ತಿದ್ದವನ ಮುಖ. ಅವನು ಕೈ ನೀಡಿದ. ಅಪ್ಪ ಆ ಕೈಯನ್ನು ನೋಡಿದ, ಅದರ ಬೆರಳ ತುದಿಯ ಕೆಂಪನ್ನು ನೋಡಿದ, ಹಿಡಿದುಕೊಂಡು ಇಳಿದ.

"ಏನಯ್ಯಾ ಕರೆಂಟು, ಗ್ಯಾರಂಟಿ ಅಂದ್ರೆ ಮನೆಮನೆಗೆ ಬಂದು ಕೀಳೋದಾ?" ಎಂದು ಭಾವ ಕಿವಿಯ ಹತ್ತಿ ತೆಗೆಯುತ್ತ ಇಳಿದು ಬಂದರು. ಅವನು ಸೀಟು ಮುಂದಕ್ಕೆ ತಳ್ಳಿ, ಹಾಸು ಎತ್ತಿದ. ಬಿಸಿ ಹಬೆ ಮುಖಕ್ಕೆ ಹೊಡೆಯಿತು. ತಂತಿಯ ಕೆಂಪು ಹೊದಿಕೆ ಬೆರಳುದ್ದ ಕರಗಿ ಕಂಬಿಗೆ ಅಂಟಿತ್ತು, ತಾಮ್ರ ನೀಲಿಯಾಗಿತ್ತು. ಹಾಸಿನ ಅಡಿಭಾಗ ಕಂದುಬಣ್ಣಕ್ಕೆ ತಿರುಗಿ, ನಡುವೆ ನಾಣ್ಯದಷ್ಟು ಜಾಗದಲ್ಲಿ ಕರಿದಾಗಿತ್ತು. ಅಲ್ಲಿಂದ ಒಂದು ಎಳೆ ಹೊಗೆ ಎದ್ದು, ಯಾವ ಕಡೆಗೆ ಹೋಗಬೇಕೆಂದು ತಿಳಿಯದಂತೆ ನಿಂತು, ಕರಗಿತು. ಭಾವ ಬಗ್ಗಿ ನೋಡಿದರು. ಕನ್ನಡಕ ತೆಗೆದು ಮತ್ತೆ ಹಾಕಿ ನೋಡಿದರು.

"ಇದ್ರ ಮೇಲೇನಾ ಮಾವ ಕೂತಿದ್ದಿದ್ದು?"

"ಹೂಂ."

"ಮತ್ತೆ ಫ್ಯೂಸು ಹೋಗ್ಬೇಕಿತ್ತಲ್ಲಯ್ಯಾ?"

"ಹೋಗ್ಬೇಕಿತ್ತು. ನಾನು ಹೋಗ್ದೇ ಇರೋದು ಹಾಕ್ದೆ ಭಾವ. ತಂತಿ ತಡೆಯೋದಕ್ಕಿಂತ ದೊಡ್ಡದು. ಬೆಳಿಗ್ಗೆ ಎಲ್ರೂ ನಗ್ತಿದ್ರಲ್ಲ..."

ಭಾವ ಕರಿದಾದ ಜಾಗಕ್ಕೆ ಬೆರಳು ಒತ್ತಿ, ಚುರುಕ್ಕೆಂದು ಹಿಂದಕ್ಕೆ ತೆಗೆದರು. ಅಪ್ಪ ಒಬ್ಬರ ತುಟಿಯಿಂದ ಇನ್ನೊಬ್ಬರ ತುಟಿಗೆ ನೋಡುತ್ತಿದ್ದ. "ಏನಂತೆ? ಏನಂತೆ ಅವನು ಹೇಳ್ತಿರೋದು?"

"ಏನಿಲ್ಲ ಮಾವ," ಎಂದು ಭಾವ ಕೈಯಾಡಿಸಿ, ಬಾಯಿ ಅಗಲ ಮಾಡಿ ಹೇಳತೊಡಗಿದರು. "ಚಿಕ್ಕದು. ತಂತಿ ಕೆಲ್ಸ. ಈಗ ಸರಿ ಮಾ..."

ಅದು ಅಲ್ಲೇ ಮುಗಿದುಹೋಗಬಹುದಾಗಿತ್ತು. ಭಾವನ ಕೈ ಗಾಳಿಯಲ್ಲಿ ಬರೆಯುತ್ತಿದ್ದ ಆ ಚಿಕ್ಕ ಸುಳ್ಳಿನ ನೆರಳಿನಲ್ಲಿ ಅವನು ಆರಾಮವಾಗಿ ನಿಲ್ಲಬಹುದಾಗಿತ್ತು. ಇನ್ನು ಮುಂದೆ ಎಂದೂ ಅಪ್ಪನಿಗೆ ಗೊತ್ತಾಗುವುದು ಬೇಕಿರಲಿಲ್ಲ. ಅವನು ಭಾವನ ಕೈ ಹಿಡಿದು ಕೆಳಗಿಳಿಸಿದ. ಅಪ್ಪನ ಅಂಗೈ ಬಿಡಿಸಿ ಅದರಲ್ಲಿ ಬಿಸಿಯಾರದ ಅರವತ್ತನ್ನು ಇಟ್ಟ, ಪಕ್ಕದಲ್ಲಿ ಕಿಸೆಯಿಂದ ಹೊಸ ಮೂವತ್ತನ್ನು ಇಟ್ಟ. ಅಪ್ಪನ ಬೆರಳನ್ನು ಒಯ್ದು ಸುಟ್ಟ ತಂತಿಗೆ ಮುಟ್ಟಿಸಿದ, ಹಾಸಿನ ಕರಿಯಾದ ಜಾಗಕ್ಕೆ ಮುಟ್ಟಿಸಿದ. ಆಮೇಲೆ ತನ್ನ ಎದೆಗೆ ತೋರಿಸಿಕೊಂಡು, ಅಪ್ಪನಿಗೆ ಕಾಣುವಂತೆ, "ನಾನು," ಎಂದ.

ಅಪ್ಪ ಬಹಳ ಹೊತ್ತು ಹಾಸಿನ ಮೇಲೆಯೇ ಬೆರಳಾಡಿಸಿದ. ಬಟ್ಟೆಯಲ್ಲಿ ಎಳೆ ತಪ್ಪಿದ ಜಾಗ ಹುಡುಕುವವನ ಬೆರಳು. ಅರವತ್ತನ್ನು ಬೆಳಕಿಗೆ ಹಿಡಿದ. ಒಳಗಿನ ತಗಡು ಅಗಲವಾಗಿ, ಅಲುಗದೆ ನಿಂತಿತ್ತು.

"ಮಗ್ಗದಲ್ಲಿ ಒಂದೊಂದು ಎಳೆಗೂ ಒಂದೊಂದು ತಗಡಿನ ಪಟ್ಟಿ ಇರತ್ತೆ," ಎಂದ ಅಪ್ಪ, ಯಾರನ್ನೂ ನೋಡದೆ. "ಎಳೆ ಕಡೀತು ಅಂದ್ರೆ ಪಟ್ಟಿ ಕೆಳಗೆ ಬೀಳತ್ತೆ. ಮಗ್ಗ ನಿಲ್ಲತ್ತೆ. ನಿಲ್ಬೇಕು. ನಿಂತ್ರೆ ಮೇಸ್ತ್ರಿ ಬಂದು ಬೈತಾನೆ, ಎಲ್ಲರ ಎದುರಿಗೆ. ಅದಕ್ಕೆ ಬೀಳ್ದೇ ಇರೋ ಹಾಗೆ ದಾರ ಕಟ್ಟೋರು." ಅವನ ದನಿ ಗೋಡೆಗೆ ಹೊಡೆದು ಮರಳುತ್ತಿತ್ತು, ಅದು ಅವನಿಗೆ ಗೊತ್ತಿರಲಿಲ್ಲ. "ನಾನೂ ಕಟ್ಟಿದೀನಿ."

ಅಷ್ಟೇ. ಬೈಯಲಿಲ್ಲ, ಪರವಾಗಿಲ್ಲ ಎನ್ನಲೂ ಇಲ್ಲ. ಅರವತ್ತನ್ನು ಮಗನಿಗೆ ಕೊಡದೆ, ಪಕ್ಕದ ಹಾಳುಬಾವಿಯ ಕಡೆಗೆ ಎಸೆದ. ಅದು ತಲುಪದೆ ಹುಲ್ಲಿನಲ್ಲಿ ಬಿತ್ತು. ಮೂವತ್ತನ್ನು ಮುಷ್ಟಿಯಲ್ಲಿ ಇಟ್ಟುಕೊಂಡು ನೆರಳಿಗೆ ಹೋಗಿ ಗೋಡೆಗೆ ಒರಗಿ ನಿಂತ.

ಅವನು ಕೆಲಸಕ್ಕೆ ಕೂತ. ಸುಟ್ಟ ತುಂಡನ್ನು ಕತ್ತರಿಸಿ ಹೊಸ ತುಂಡು ಬೆಸೆದು, ಕೊಳವೆಯೊಳಗೆ ಹಾಕಿ, ಕಂಬಿಯಿಂದ ದೂರ, ನಡುವಿನ ಉಬ್ಬಿನ ಪಕ್ಕದಿಂದ ಒಯ್ದ. ಈ ಸಲ ಬೆನ್ನು ಯಾರ ಕಡೆಗಿತ್ತೋ ಅವನಿಗೆ ನೆನಪಿರಲಿಲ್ಲ. ಭಾವ ಪಕ್ಕದಲ್ಲಿ ಕುಕ್ಕರಗಾಲಲ್ಲಿ ಕೂತು ಟೇಪು ಹರಿದು ಹರಿದು ಕೊಡುತ್ತಿದ್ದರು.

"ಹೇಳ್ಬೇಡ ಅಂದಿದ್ರು ಕಣಯ್ಯಾ," ಎಂದರು, ಅಪ್ಪನಿಗೆ ಕೇಳದು ಎಂದು ಗೊತ್ತಿದ್ದರೂ ದನಿ ತಗ್ಗಿಸಿ. "ನಿನಗೆ ಗೊತ್ತಾದ್ರೆ ನಗ್ತೀಯ ಅಂತ. ಅವತ್ತು ನೀನು ಇದನ್ನ ಕೂರಿಸಿ ಹೋದ್ಮೇಲೆ ನಾನು ಸುಮ್ನೆ ಹಾಕಿ ನೋಡ್ತಿದ್ದೆ. ಕಾರಿಗೆ ಒರಗಿ ನಿಂತಿದ್ರು ಪಾಪ. ಗಾಬರಿಯಾಗಿ ಕೈ ಹಿಂದಕ್ಕೆ ತಗೊಂಡ್ರು. ಆಮೇಲೆ ಮತ್ತೆ ಇಟ್ರು. ಏನೋ ಬರ್ತಿದೆ ಅಂದ್ರು. ನಂಗಂತೂ ತಲೆ ಸಿಡಿಯತ್ತೆ, ಏನು ಮಾಡ್ಲಿ."

ಬಾನೆಟ್ಟಿನ ಹತ್ತಿರ ಹೋಗಿ ಅವನು ಅಪ್ಪನ ಮುಂದೆ ಕೈ ಚಾಚಿದ. ಅಪ್ಪ ಮುಷ್ಟಿ ಬಿಡಿಸಿ ಮೂವತ್ತನ್ನು ಕೊಟ್ಟ. ಅದು ಬೆವರಿಗೆ ಒದ್ದೆಯಾಗಿತ್ತು. ಅಂಗಿಗೆ ಒರೆಸಿ ಕೂರಿಸಿದ. ಇನ್ನು ಸೀಟನ್ನು ಪೂರ್ತಿ ಹಿಂದೆ ತಳ್ಳಿ, ಮೇಲೆ ಭಾರ ಹಾಕಿ ನೋಡಬೇಕು. ಬೇರೆ ಯಾರ ಭಾರವನ್ನೂ ಅಲ್ಲಿ ಹಾಕುವ ಧೈರ್ಯ ಅವನಿಗಿರಲಿಲ್ಲ. ತಾನೇ ಕೂರಲು ಹೋದ. ಒಂದು ಕಾಲು ಒಳಗಿಟ್ಟಿದ್ದ, ಆಗ ಹೆಗಲ ಮೇಲೆ ಕೈ ಬಿತ್ತು.

"ಏಳು," ಎಂದ ಅಪ್ಪ. "ಅದು ನಾನು ಕೂರೋ ಜಾಗ."

"ಅಪ್ಪಾ, ಒಂದ್ಸಲ ನಾನು ನೋಡಿ..." ಎಂದ, ಅಪ್ಪ ಅವನ ತುಟಿಯನ್ನು ನೋಡುತ್ತಿರಲಿಲ್ಲ. ನೋಡಬಾರದೆಂದೇ ಬೇರೆ ಕಡೆ ನೋಡುತ್ತಿದ್ದ. ನ್ಯಾಯವಾಗಿ ಈಗ ವಾದ ಮಾಡಬೇಕು, ಅಡ್ಡ ನಿಲ್ಲಬೇಕು. ಅವನು ಪಕ್ಕಕ್ಕೆ ಸರಿದ. ಅಪ್ಪ ಬಾಗಿಲು ಹಿಡಿದು, ನೋವಿನ ಕಾಲನ್ನು ಎರಡು ಕೈಯಿಂದ ಎತ್ತಿ ಒಳಗಿಟ್ಟು, ಹಿಡಿಕೆ ಎಳೆದು, ಸೀಟನ್ನು ಕೊನೆಯ ತನಕ ಹಿಂದಕ್ಕೆ ಜಾರಿಸಿದ. "ನೀನು ಹಿಂದೆ ಕೂತ್ಕೋ. ಇಲ್ಲಿ ಬೇಡ, ಹೋಗ್ತಾ ಇರ್ಬೇಕು. ಒಂದು ಸುತ್ತು ಹೋಗೋಣ."

"ಸ್ಕೂಟರು?" ಎಂದರು ಭಾವ.

"ಇಲ್ಲೇ ಇರ್ಲಿ."

ಹಿಂದಿನ ಸೀಟಿನಲ್ಲಿ, ಅಪ್ಪನ ಬೆನ್ನ ಹಿಂದೆ, ಅವನಿಗೆ ಕೂರಲು ಜಾಗವೇ ಇರಲಿಲ್ಲ. ಅಪ್ಪನ ಸೀಟಿನ ಬೆನ್ನು ಅವನ ಎರಡೂ ಮೊಣಕಾಲನ್ನು ಒತ್ತಿ ಹಿಡಿದಿತ್ತು. ಕಾರು ಗೋಡೆಯ ನೆರಳಿನಿಂದ ಬಿಸಿಲಿಗೆ ಬಂತು. ಭಾವ ಒಂದು ಕೈಯಲ್ಲಿ ಚಕ್ರ ಹಿಡಿದು ಇನ್ನೊಂದರಲ್ಲಿ ಕಿವಿಗೆ ಹತ್ತಿ ತುರುಕಿಕೊಂಡು, ಉಳಿದದ್ದನ್ನು ಹಿಂದಕ್ಕೆ ಚಾಚಿದರು. ಅವನು ಬೇಡವೆಂದು ತಲೆಯಾಡಿಸಿದ. ಹಾಡು ಶುರುವಾಯಿತು. ಅವನು ಸುಟ್ಟ ವಾಸನೆ ಬಂದೀತೇ ಎಂದು ಮೂಗಿನಿಂದಲೇ ಕೇಳುತ್ತಿದ್ದ. ಈ ಕ್ಷಣ, ಈ ಕ್ಷಣವೇ; ಹೋಗುವುದಾದರೆ ಈಗಲೇ ಹೋಗಿಬಿಡು ಎಂದು ಮುಂದಿನ ಕತ್ತಲ ಡಬ್ಬಿಯಲ್ಲಿದ್ದ ಆ ಪುಟ್ಟ ಗಾಜಿಗೆ ಮನಸ್ಸಿನಲ್ಲೇ ಹೇಳುತ್ತಿದ್ದ. ಅದು ಹೋಗಲಿಲ್ಲ. ರಸ್ತೆಯ ಉಬ್ಬು ಬಂತು, ಸೀಟು ಅಲುಗಿತು, ಹೋಗಲಿಲ್ಲ. ತಿರುವು ಬಂತು. ಬೇಸು ಅಪ್ಪನ ಬೆನ್ನನ್ನು ದಾಟಿ ಸೀಟನ್ನು ದಾಟಿ ಅವನ ಮೊಣಕಾಲಿನ ಮೂಳೆಗೆ ಬರುತ್ತಿತ್ತು, ಅಷ್ಟೊಂದು ಕಾರುಗಳಿಗೆ ಸದ್ದು ತುಂಬಿದವನಿಗೆ ಇದುವರೆಗೆ ಗೊತ್ತಿರದ ದಾರಿಯಲ್ಲಿ, ಪದಗಳಿಲ್ಲದೆ. ಭಾವ ಕನ್ನಡಿಯಲ್ಲಿ ಅವನ ಮುದುಡಿದ ಮೈ ನೋಡಿ ಹುಬ್ಬೇರಿಸಿ, ಮಾವನಿಗೆ ಹೇಳಿ ಸೀಟು ಸ್ವಲ್ಪ ಮುಂದೆ ತರಿಸಲೇ ಎಂದು ಕೈಸನ್ನೆಯಲ್ಲಿ ಕೇಳಿದರು.

ಬೇಡ, ಎಂದ ಅವನು. ಮೊಣಕಾಲು ನೋಯತೊಡಗಿತ್ತು.